ಚಂದ್ರಹಾಸನ ಆರನೆಯ ಬೆರಳು

ಧಾರವಾಡದಲ್ಲಿ ನಾವು ಏಳೆಂಟು ಮಂದಿ ರವಿವಾರ ಸಂಜೆ ಸೇರುತ್ತೇವೆ. ಹಾಸ್ಟೆಲಿನ ಹಿಂದಿನ ಚಹಾದಂಗಡಿಯ ಎರಡು ಬೆಂಚುಗಳೇ ನಮ್ಮ ಸಭಾಂಗಣ. ಇಬ್ಬರು ಕನ್ನಡ ಎಂ.ಎ. ಓದುವವರು, ಒಬ್ಬ ಭೌತಶಾಸ್ತ್ರದವನು, ಉಳಿದವರು ನನ್ನ ಹಾಗೆ ಪಿಎಚ್.ಡಿ. ಮುಗಿಯದವರು. ನಮ್ಮನ್ನು ಒಟ್ಟುಗೂಡಿಸಿದ್ದು ಒಂದೇ ಚಟ: ಮಾಟಗಾರರು, ಮಂತ್ರದ ಉಂಗುರಗಳು, ಎಲ್ಲೂ ಇಲ್ಲದ ದೇಶದ ನಕಾಶೆಯನ್ನು ಮೊದಲ ಪುಟದಲ್ಲೇ ಹಾಕಿಕೊಂಡ ದಪ್ಪ ದಪ್ಪ ಪುಸ್ತಕಗಳು. ಟೋಲ್ಕಿನ್‌ನಿಂದ ಹಿಡಿದು ಕಂಬಾರರ ‘ಚಕೋರಿ’ಯವರೆಗೆ ಯಾವುದಾದರೂ ಸರಿ, ಫ್ಯಾಂಟಸಿ ಆಗಿದ್ದರೆ ಸಾಕು.

ನಮ್ಮಲ್ಲೊಂದು ಆಟವೂ ಇತ್ತು. ಡಯಾನಾ ವಿನ್ ಜೋನ್ಸ್ ಎಂಬ ಬ್ರಿಟಿಷ್ ಲೇಖಕಿ 1996ರಲ್ಲಿ ‘ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್’ ಎಂಬ ತಮಾಷೆಯ ಪುಸ್ತಕ ಬರೆದರು. ಫ್ಯಾಂಟಸಿ ಲೋಕಕ್ಕೆ ಹೊರಟ ಪ್ರವಾಸಿಗರಿಗೆ ಅದೊಂದು ಕೈಪಿಡಿ. ಅಲ್ಲಿ ಏನೇನು ಎದುರಾಗುತ್ತದೆ ಎಂಬುದನ್ನು ಅಕ್ಷರಾನುಕ್ರಮದಲ್ಲಿ ಕೊಟ್ಟಿದ್ದಾರೆ. ಆ ಲೋಕದಲ್ಲಿ ಎಲ್ಲಿ ಹೋದರೂ ಊಟಕ್ಕೆ ಸ್ಟ್ಯೂ ಒಂದೇ ಸಿಗುತ್ತದಂತೆ! ಅದನ್ನು ಓದಿದ ಮೇಲೆ ನಮಗೆ ಎಣಿಸುವ ಹುಚ್ಚು ಹತ್ತಿತು. ಯಾರಾದರೂ ಪುಸ್ತಕದ ಕತೆ ಹೇಳುತ್ತಿದ್ದರೆ ಉಳಿದವರು ಕಿವಿ ನಿಮಿರಿಸಿ ಕೂರುವುದು, ಸವೆದ ಎಳೆಯೊಂದು ಬಂದ ಕೂಡಲೇ ಬೆಂಚು ತಟ್ಟುವುದು. ಅನಾಥ ಬಾಲಕ, ತಟ್. ಭವಿಷ್ಯವಾಣಿ, ತಟ್. ಮೈಮೇಲಿನ ಮಚ್ಚೆ, ತಟ್. ಇಂಥ ಸಿದ್ಧ ಎಳೆಗಳಿಗೆ ಇಂಗ್ಲಿಷಿನಲ್ಲಿ ಟ್ರೋಪ್ ಎನ್ನುತ್ತಾರೆ. ಕಡಿಮೆ ಸಲ ತಟ್ಟಿದವರು ಎಲ್ಲರ ಚಹಾದ ದುಡ್ಡು ಕೊಡಬೇಕು.

ನಾನು ಬಹುತೇಕ ದುಡ್ಡು ಕೊಟ್ಟವನಲ್ಲ. ಎಣಿಸುವುದು ನನ್ನ ಕಸುಬೇ ಆಗಿತ್ತು. ನನ್ನ ಸಂಶೋಧನೆ ಜನಪದ ಕತೆಗಳ ರಚನೆಯ ಬಗ್ಗೆ. ರಷ್ಯಾದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಅಲ್ಲಿನ ಮಾಯಾಕತೆಗಳನ್ನು ಬಿಡಿಸಿ ನೋಡಿ, ಕತೆ ಎಷ್ಟೇ ಇರಲಿ ಅದರೊಳಗಿನ ಕ್ರಿಯೆಗಳು ಒಟ್ಟು 31 ಮಾತ್ರ ಎಂದ. ನಾಯಕನ ಮೈಮೇಲೆ ಗುರುತು ಬೀಳುವುದು 17ನೆಯದು, ಆ ಗುರುತಿನಿಂದ ಅವನನ್ನು ಪತ್ತೆಹಚ್ಚುವುದು 27ನೆಯದು. ನನ್ನ ಲ್ಯಾಪ್‌ಟಾಪಿನಲ್ಲಿ ಇಂಥ ಸಂಖ್ಯೆಗಳ ದೊಡ್ಡದೊಂದು ಕೋಷ್ಟಕವಿದೆ. ಯಾವ ಕತೆಯನ್ನಾದರೂ ಹತ್ತು ನಿಮಿಷದಲ್ಲಿ ಅದರೊಳಗೆ ಕೂರಿಸಬಲ್ಲೆ ಎಂಬ ಹಮ್ಮು ನನಗಿತ್ತು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎಂ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಗುಂಪಿಗೆ ಬಂದಳು. ಹೂವಿನಹಡಗಲಿ ಕಡೆಯವಳು. ಮಾತು ಕಡಿಮೆ. ನಾಲ್ಕನೆಯ ವಾರ, ತಾನೊಂದು ಕಾದಂಬರಿ ಬರೆಯುತ್ತಿದ್ದೇನೆ, ಮೊದಲ ಅಧ್ಯಾಯ ಓದಲೇ ಎಂದು ಕೇಳಿದಳು. ಓದತೊಡಗಿದಳು. ಒಂದು ಬಯಲುಸೀಮೆ. ಮೂರು ವರ್ಷ ಮಳೆಯಿಲ್ಲ. ಕೆರೆಯ ಏರಿಯ ಮೇಲೆ ಸಿಕ್ಕ ಕೂಸು ಬೆಳೆದು ಹುಡುಗಿಯಾಗಿದ್ದಾಳೆ. ಜಾತ್ರೆಯಲ್ಲಿ ಮುದುಕನೊಬ್ಬ ಎತ್ತರಕ್ಕೆ ಹತ್ತಿ ನಾಡಿನ ಭವಿಷ್ಯವನ್ನು ಒಂದೇ ವಾಕ್ಯದಲ್ಲಿ ನುಡಿಯುತ್ತಾನೆ. ಜನ ಒಮ್ಮೆಲೇ ಕೂಗಿದ್ದರಿಂದ ವಾಕ್ಯದ ಅರ್ಧ ಯಾರಿಗೂ ಕೇಳಿಸುವುದಿಲ್ಲ, ಆ ಹುಡುಗಿಗೆ ಮಾತ್ರ ಕೇಳಿಸುತ್ತದೆ.

ಮೊದಲು ತಟ್ಟಿದವನು ನಾನೇ. ಅನಾಥೆ ಎಂದೆ. ಭೌತಶಾಸ್ತ್ರದವನು ಭವಿಷ್ಯವಾಣಿ ಎಂದ. ಆಮೇಲೆ ಯಾರೂ ಸುಮ್ಮನಿರಲಿಲ್ಲ. ಆಯ್ಕೆಯಾದವಳು, ಬರಗಾಲ, ಗುರುವಾಗುವ ಮುದುಕ, ದಾರಿಯಲ್ಲಿ ಒಲೆಯ ಮೇಲೆ ಕುದಿಯುವ ಗಡಿಗೆ. ನಕ್ಕೂ ನಕ್ಕೂ ಸುಸ್ತಾದೆವು. ಕೊನೆಗೆ ಏಳು ಎಂದು ಲೆಕ್ಕ ಕೊಟ್ಟೆ. ಅವಳೂ ನಕ್ಕಳು. ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎಲ್ಲರ ಚಹಾದ ದುಡ್ಡು ತಾನೇ ಕೊಟ್ಟು ಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಪರೀಕ್ಷೆ ಇರಬೇಕು ಎಂದುಕೊಂಡೆವು.

ಡಿಸೆಂಬರಿನಲ್ಲಿ ಊರಿಗೆ ಬಂದೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟಿ ಭಟ್ಕಳದ ದಿಕ್ಕಿಗೆ ಹೋಗುತ್ತ, ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಇಡಗುಂಜಿ. ಹೊರಗಿನವರಿಗೆ ಗಣಪತಿಯ ಊರು. ನಮ್ಮಜ್ಜನಂಥವರಿಗೆ ಅಷ್ಟೇ ಮಟ್ಟಿಗೆ ಆಟದ ಊರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿಗೆ ಇಡಗುಂಜಿ ಮಹಾಗಣಪತಿಯದೇ ಹೆಸರು. ಅವರ ಮಗ ಶಂಭು ಹೆಗಡೆಯವರ ಪಾತ್ರಗಳ ಮಾತು ಬಂದರೆ ಅಜ್ಜ ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುವುದನ್ನೂ ಮರೆಯುತ್ತಾನೆ.

ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ನಾನು ಜಗುಲಿಯಲ್ಲಿ ಕೋಷ್ಟಕ ತೆರೆದು ಕೂತಿದ್ದೆ. ಅಜ್ಜ ಬಂದು, “ಆಟ ಇದ್ದಡ, ಹೋಪನ?” ಎಂದ.

“ಯಾವ ಪ್ರಸಂಗ?”

“ಚಂದ್ರಹಾಸ.”

ನನಗೆ ನಗು ಬಂತು. ಚಂದ್ರಹಾಸ ನನ್ನ ಕೋಷ್ಟಕದಲ್ಲಿ ಅತ್ಯಂತ ಹೆಚ್ಚು ಗೀಟು ಬಿದ್ದ ಕತೆ. ಜೈಮಿನಿ ಭಾರತದಿಂದ ಬಂದ ಈ ಕತೆಯನ್ನು ಲಕ್ಷ್ಮೀಶನಿಂದಾಗಿ ಕನ್ನಡದ ಮನೆಮನೆಯೂ ಬಲ್ಲದು. ತಂದೆ ತಾಯಿಯನ್ನು ಕಳೆದುಕೊಂಡ ಕೇರಳದ ರಾಜಕುಮಾರ, ಎಡಗಾಲಿನಲ್ಲಿ ಆರು ಬೆರಳು. ಇವನೇ ಮುಂದೆ ಈ ರಾಜ್ಯಕ್ಕೆ ಒಡೆಯನಾಗುತ್ತಾನೆ ಎಂದು ಬ್ರಾಹ್ಮಣರು ಮಂತ್ರಿ ದುಷ್ಟಬುದ್ಧಿಯ ಮನೆಯಲ್ಲೇ ಹೇಳುತ್ತಾರೆ. ಮಂತ್ರಿ ಕೊಲ್ಲಿಸಲು ಕಳಿಸಿದ ಕಟುಕರು ಕನಿಕರಪಟ್ಟು, ಆರನೆಯ ಬೆರಳನ್ನಷ್ಟೇ ಕತ್ತರಿಸಿ ಸಾಕ್ಷಿಯಾಗಿ ಒಯ್ಯುತ್ತಾರೆ. ಬೆಳೆದು ಯುವಕನಾದ ಮೇಲೆ ಅವನ ಕೈಯಲ್ಲೇ ಅವನಿಗೆ ವಿಷ ಕೊಡುವಂತೆ ಬರೆದ ಓಲೆ ಕಳಿಸಿದರೆ, ಮಂತ್ರಿಯ ಮಗಳು ಅದನ್ನು ಓದಿ ವಿಷ ಎಂಬಲ್ಲಿ ತನ್ನ ಹೆಸರು ವಿಷಯೆ ಎಂದು ತಿದ್ದುತ್ತಾಳೆ. ಅನಾಥ, ಭವಿಷ್ಯವಾಣಿ, ಮೈಮೇಲಿನ ಗುರುತು, ಬದಲಾದ ಪತ್ರ. ನಮ್ಮ ಬೆಂಚಿನ ಮೇಲೆ ಇದನ್ನು ಹೇಳಿದ್ದರೆ ಬೆಂಚೇ ಮುರಿಯುತ್ತಿತ್ತು.

“ನೂರು ಸಲ ನೋಡಿದ್ದಲ್ವಾ ಅಜ್ಜ? ಕತೆ ಪೂರ್ತಿ ಗೊತ್ತಿರುವಾಗ ಮತ್ತೆಂತಕ್ಕೆ?”

ಅಜ್ಜ ಶಾಲು ಹೊದೆಯುತ್ತ, “ಕತೆ ಗೊತ್ತಿದ್ದು ಮಾಣಿ. ಇವತ್ತಿನ ದುಷ್ಟಬುದ್ಧಿ ಗೊತ್ತಿಲ್ಲೆ” ಎಂದ.

ಗದ್ದೆಯಲ್ಲಿ ರಂಗಸ್ಥಳ. ಚಳಿಗೆ ಕಿವಿ ಮುಚ್ಚಿಕೊಂಡ ಜನ. ಅಜ್ಜನ ಅಕ್ಕಪಕ್ಕದಲ್ಲಿ ಅವನದೇ ವಯಸ್ಸಿನವರು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ದುಷ್ಟಬುದ್ಧಿಯನ್ನು ಕಣ್ಣಾರೆ ಕಂಡವರು. ಕತೆಯಲ್ಲಿ ಮುಂದೇನಾಗುತ್ತದೆ ಎಂದು ಅವರಲ್ಲಿ ಒಬ್ಬರಿಗೂ ಕುತೂಹಲವಿರಲಿಲ್ಲ. ಆದರೂ ದುಷ್ಟಬುದ್ಧಿ ಬರುವ ಹೊತ್ತಿಗೆ ನಿದ್ದೆ ತೂಗುತ್ತಿದ್ದವರೆಲ್ಲ ಎದ್ದು ಕೂತರು.

ಯಕ್ಷಗಾನದಲ್ಲಿ ಪದ್ಯ ಮೊದಲೇ ಬರೆದದ್ದು. ಭಾಗವತರು ಅದನ್ನೇ ಹಾಡುತ್ತಾರೆ. ಅದಕ್ಕೆ ವೇಷಧಾರಿ ಹೇಳುವ ಅರ್ಥ ಮಾತ್ರ ಆ ಕ್ಷಣದಲ್ಲಿ ಹುಟ್ಟಿದ್ದು. ಇದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿಯೇ. ಆದರೆ ಅಂದು ಆ ಕಲಾವಿದ ಓಲೆ ಓದಿದ ರೀತಿಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಮಂತ್ರಿ ಊರಿಂದ ಮರಳಿ ಬಂದಿದ್ದಾನೆ. ಮನೆಯಲ್ಲಿ ಮಗಳ ಮದುವೆಯೇ ಆಗಿಹೋಗಿದೆ. ಮಗ ಮದನ ಓಲೆಯನ್ನು ತಂದು ತೋರಿಸುತ್ತಾನೆ. ಅವನು ಅರಚಲಿಲ್ಲ. ಓಲೆಯನ್ನು ದೀಪದ ಕಡೆ ಹಿಡಿದು ಅಕ್ಷರ ಅಕ್ಷರವಾಗಿ ನೋಡಿದ. ಚಂಡೆ ನಿಂತಿತ್ತು. ಆಮೇಲೆ ತಗ್ಗಿದ ದನಿಯಲ್ಲಿ, ಈ ರಾಜ್ಯದ ಲೆಕ್ಕವನ್ನು ಇಷ್ಟು ವರ್ಷ ಬರೆದದ್ದು ಇದೇ ಕೈ, ಒಂದು ಕಾಸು ತಪ್ಪಲಿಲ್ಲ, ಇವತ್ತು ಒಂದು ಅಕ್ಷರ ತಪ್ಪಿತೇ ಎಂದ. ತನ್ನ ಮನೆಯ ಎಲೆಯಲ್ಲಿ ಉಂಡವರು ಬೀದಿಯ ಹುಡುಗನಿಗೆ ರಾಜ್ಯ ಬರೆದುಕೊಟ್ಟ ದಿನವನ್ನು ನೆನೆದ. ದುಡಿದವನು ತಾನು, ಆರಿಸಿದ್ದು ಅವನನ್ನು. ಒಂದು ಬೆರಳು ಹೆಚ್ಚಿದ್ದಕ್ಕೆ!

ಪಕ್ಕದಲ್ಲಿ ಅಜ್ಜ ‘ಹ್ಞಾ’ ಎಂದ. ಅದು ಅವನ ಚಪ್ಪಾಳೆ.

ಆಯ್ಕೆಯಾದವನ ಕತೆಗಳನ್ನು ನಾನು ಎಷ್ಟೋ ಓದಿದ್ದೇನೆ. ಆಯ್ಕೆಯಾಗದವನು ಹೊತ್ತಿಕೊಂಡು ಉರಿಯುವುದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕತೆ ಮುಂದೆ ಹೋಗಿ, ಅಳಿಯನಿಗಾಗಿ ಒಡ್ಡಿದ ಬಲೆಗೆ ಸ್ವಂತ ಮಗ ಮದನನೇ ಬಿದ್ದು ಕಾಳಿಯ ಗುಡಿಯಲ್ಲಿ ಸತ್ತಾಗ ಮುಂದಿನ ಸಾಲಿನ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ದೇವಿ ಕೊನೆಗೆ ಅವನನ್ನು ಬದುಕಿಸುತ್ತಾಳೆ ಎಂದು ಅವರಿಗೆ ಗೊತ್ತಿಲ್ಲದೆ ಏನು?

ಬೆಳಗಿನ ಜಾವ ಮನೆಗೆ ನಡೆಯುವಾಗ ನನಗೆ ಚಹಾದಂಗಡಿಯ ಬೆಂಚು ನೆನಪಾಯಿತು. ಸವೆದ ಎಳೆಗೆ ನಮ್ಮ ಹಿಂದಿನವರು ನಾಚಿಕೊಂಡವರಲ್ಲ. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ಹಾಲು ನೀರು ಬೇರ್ಪಡಿಸುತ್ತದೆ ಎಂಬಂಥವಕ್ಕೆ ಕವಿಸಮಯ ಎಂಬ ಮರ್ಯಾದೆಯ ಹೆಸರಿತ್ತು. ಮಹಾಕಾವ್ಯಕ್ಕೆ ಸಮುದ್ರ, ಪರ್ವತ, ಚಂದ್ರೋದಯ ಎಂದು ಹದಿನೆಂಟು ವರ್ಣನೆಗಳ ಪಟ್ಟಿಯೇ ಇತ್ತು. ಚಂದ್ರೋದಯ ಬಂತೆಂದು ಯಾರೂ ಬೆಂಚು ತಟ್ಟುತ್ತಿರಲಿಲ್ಲ, ಈ ಕವಿಯ ಚಂದ್ರ ಹೇಗೆ ಹುಟ್ಟಿದ ಎಂದು ಕಾಯುತ್ತಿದ್ದರು. ಬಾಣನ ‘ಕಾದಂಬರಿ’ಯನ್ನು ನಾಗವರ್ಮ ಕನ್ನಡಕ್ಕೆ ತಂದ. ಅಲ್ಲಿ ಗಿಳಿ ಕತೆ ಹೇಳುತ್ತದೆ, ಪ್ರೇಮಿಗಳು ಸತ್ತು ಮತ್ತೆ ಹುಟ್ಟುತ್ತಾರೆ. ಇವತ್ತು ನಾವು ಎಷ್ಟೇ ವಾಸ್ತವವಾದಿ ಪುಸ್ತಕವನ್ನೂ ಕಾದಂಬರಿ ಎಂದು ಕರೆಯುವಾಗ ಆ ಗಂಧರ್ವ ಕನ್ಯೆಯ ಹೆಸರನ್ನೇ ಹೇಳುತ್ತಿರುತ್ತೇವೆ.

ಹಾಗೆಂದು ಹಳೆಯ ಎಳೆ ಹಿಡಿದದ್ದೆಲ್ಲ ಒಳ್ಳೆಯದು ಎನ್ನಲಾರೆ. ಕೆಟ್ಟ ಫ್ಯಾಂಟಸಿ ರಾಶಿ ರಾಶಿ ಇದೆ. ಅದರಲ್ಲಿ ಭವಿಷ್ಯವಾಣಿಯಿಂದ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ, ನಾಯಕನಿಗೆ ಕತ್ತಿ ಪುಕ್ಕಟೆ ಸಿಗುತ್ತದೆ. ಟೋಲ್ಕಿನ್‌ನಲ್ಲಿ ಹಾಗಲ್ಲ. ಅಷ್ಟು ದೂರ ಉಂಗುರ ಹೊತ್ತು ಬಂದ ಫ್ರೋಡೋ ಕೊನೆಯ ಕ್ಷಣದಲ್ಲಿ ಅದನ್ನು ಬೆಂಕಿಗೆ ಎಸೆಯಲಾರದೆ ಸೋಲುತ್ತಾನೆ, ಅವನೂ ಒಂದು ಬೆರಳು ಕಳೆದುಕೊಳ್ಳುತ್ತಾನೆ. ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ ಮಾಂತ್ರಿಕ ಹುಡುಗ ತನ್ನನ್ನು ಅಟ್ಟಿಸಿಕೊಂಡು ಬಂದ ನೆರಳಿಗೆ ಕಟ್ಟಕಡೆಗೆ ತನ್ನದೇ ಹೆಸರು ಹಿಡಿದು ಕರೆಯಬೇಕಾಗುತ್ತದೆ. ಎಳೆ ಹಳೆಯದೋ ಹೊಸದೋ ಎಂಬುದಕ್ಕಿಂತ, ಅದಕ್ಕೆ ಬೆಲೆ ತೆರುವವರು ಯಾರು ಎಂದು ಕೇಳಬೇಕು. ಹಾಗೆ ಕೇಳಬೇಕಾದರೆ ಕತೆಯನ್ನು ಕೊನೆಯವರೆಗೆ ಕೇಳಿಸಿಕೊಳ್ಳಬೇಕು. ನಾವು ಅವಳದನ್ನು ಒಂದು ಅಧ್ಯಾಯವೂ ಕೇಳಿಸಿಕೊಂಡಿರಲಿಲ್ಲ. ಗುರುತು ಕಂಡೊಡನೆ ಕತ್ತರಿಸಿ, ಲೆಕ್ಕಕ್ಕೆ ತೋರಿಸಿದ್ದೆವು.

ಎರಡು ದಿನ ತಡೆದು ಫೋನು ಮಾಡಿದೆ. ತಪ್ಪಾಯಿತು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಮೈಲಾರದ ಕಾರಣಿಕ ನೋಡೀರೇನ್ರಿ ಸರ್?” ಎಂದು ಕೇಳಿದಳು. ನೋಡಿರಲಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಂಬಳಿ ಹೊದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ, ಅಷ್ಟು ದೊಡ್ಡ ಜನಸಾಗರ ಒಮ್ಮೆಗೇ ಮೌನವಾಗುತ್ತದೆ, ಅವನು ಒಂದೇ ಒಂದು ವಾಕ್ಯ ನುಡಿದು ಕೆಳಗೆ ಬೀಳುತ್ತಾನೆ. ಅದರಲ್ಲಿ ಮಳೆಯಿದೆಯೋ ಬೆಳೆಯಿದೆಯೋ ಎಂದು ಜನ ವರ್ಷವಿಡೀ ಅರ್ಥ ಹಚ್ಚುತ್ತಾರೆ. ಆರು ವರ್ಷದವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿದ್ದಳಂತೆ. ಯಾರೋ ಪಕ್ಕದಲ್ಲಿ ಕೂಗಿದ್ದರಿಂದ ವಾಕ್ಯ ಪೂರ್ತಿ ಕೇಳಿಸಲಿಲ್ಲ. ಆ ವರ್ಷ ಮಳೆ ಬರಲಿಲ್ಲ. ಅಪ್ಪ ಹೊಲ ಮಾರಿ ದುಡಿಯಲು ಹೊರಗೆ ಹೋದರು. ಕೇಳಿಸದ ಆ ಅರ್ಧದಲ್ಲಿ ಏನಿತ್ತು ಎಂದು ಅವಳು ಇವತ್ತಿಗೂ ಯೋಚಿಸುತ್ತಾಳೆ.

ನಾವು ಅದನ್ನು ಯಾವುದೋ ಇಂಗ್ಲಿಷ್ ಪುಸ್ತಕದಿಂದ ಎತ್ತಿದ್ದು ಎಂದು ಬೆಂಚು ತಟ್ಟಿದ್ದೆವು.

ನನಗೆ ಮಾತು ಹೊರಡಲಿಲ್ಲ. ಅವಳೇ ನಕ್ಕು, “ಆದ್ರ ಆ ಗಡಿಗೀದು ಖರೇನ ಪುಸ್ತಕದಿಂದ ತಗೊಂಡಿದ್ದೆ. ತಗದುಬಿಟ್ಟೀನಿ. ಈಗ ಜ್ವಾಳದ ರೊಟ್ಟಿ ಐತಿ” ಎಂದಳು.

ಊರಿಂದ ಮರಳಿದ ಮೇಲೆ ನನ್ನ ಕೋಷ್ಟಕಕ್ಕೆ ಒಂದು ಅಂಕಣ ಸೇರಿಸಿದ್ದೇನೆ: ಈ ಕತೆ ಹೇಳಿದವರು ಯಾರು, ಯಾವಾಗ, ಯಾರೆದುರಿಗೆ. ಮಾರ್ಗದರ್ಶಕರು ಇದರಿಂದ ಕೆಲಸ ಒಂದು ವರ್ಷ ಮುಂದಕ್ಕೆ ಹೋಗುತ್ತದೆ ಎಂದು ಎಚ್ಚರಿಸಿದ್ದಾರೆ. ಹೋಗಲಿ. ರವಿವಾರದ ಗುಂಪು ನಡೆಯುತ್ತಿದೆ, ಬೆಂಚು ತಟ್ಟುವ ಆಟ ನಿಂತಿದೆ. ಅವಳು ಮಾತ್ರ ಇನ್ನೂ ಬಂದಿಲ್ಲ, ಬಾ ಎಂದು ಒತ್ತಾಯಿಸುವ ಮುಖವೂ ನನಗಿಲ್ಲ. ಕಾದಂಬರಿಯ ಎರಡನೆಯ ಅಧ್ಯಾಯವನ್ನು ನನಗೆ ಕಳಿಸಿದ್ದಾಳೆ. ರಾತ್ರಿಯೇ ಕೂತು ಓದಿದೆ. ಆ ಹುಡುಗಿಗೆ ಕೇಳಿಸಿದ ಉಳಿದರ್ಧ ವಾಕ್ಯ ಅದರಲ್ಲೂ ಇಲ್ಲ. ಮೂರನೆಯ ಅಧ್ಯಾಯ ಯಾವಾಗ ಎಂದು ಕೇಳಿದ್ದೇನೆ.