ನಾಟಕದ ಪ್ರತಿ ಕೊನೆಗೆ ಕೊಡಿ

ಸಾಗರ
ಜೂನ್ 14

ಪ್ರಿಯ ಗೆಳತಿ,

ನಿಮ್ಮ ಕಾಗದ ಕೈಸೇರಿತು. ಹೈಸ್ಕೂಲಿನ ನಾಟಕದ ಜವಾಬ್ದಾರಿ ಈ ವರ್ಷ ನಿಮ್ಮ ಪಾಲಿಗೆ ಬಂದಿದೆ, ಒಳ್ಳೆಯ ನಾಟಕದ ಪುಸ್ತಕ ಯಾವುದಾದರೂ ಇದ್ದರೆ ಹೇಳಿ ಎಂದಿದ್ದೀರಿ. ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು. ವಾರ್ಷಿಕೋತ್ಸವಕ್ಕೆ ಇನ್ನೂ ಆರು ತಿಂಗಳಿದೆ. ಮೊದಲ ಮೂರು ತಿಂಗಳು ಮಕ್ಕಳ ಕೈಗೆ ನಾಟಕದ ಪ್ರತಿ ಕೊಡಲೇಬೇಡಿ.

ಕಲಿಸಲು ಶುರುಮಾಡಿದ ವರ್ಷ ನಾನು ಮೊದಲ ದಿನವೇ ಪಾತ್ರ ಹಂಚಿ, ಮಾತು ಬಾಯಿಪಾಠ ಮಾಡಿಸಿದ್ದೆ. ಮಕ್ಕಳು ಒಂದಕ್ಷರ ತಪ್ಪದೆ ಒಪ್ಪಿಸಿದರು. ಎದುರಿಗಿದ್ದವರ ಮಾತನ್ನು ಮಾತ್ರ ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ತಂತಮ್ಮ ಸರದಿಗೆ ಕಾಯುತ್ತಾ ನಿಂತಿದ್ದರು, ಅಷ್ಟೆ. ಆ ಸಂಜೆಯ ಬೇಸರ ನನಗೆ ಇನ್ನೂ ನೆನಪಿದೆ.

ಆ ವಯಸ್ಸೇ ಹಾಗೆ. ಹುಡುಗರ ದನಿ ಒಡೆಯುತ್ತಿರುತ್ತದೆ, ಹುಡುಗಿಯರಿಗೆ ಯಾರು ನೋಡಿ ನಗುತ್ತಾರೋ ಎಂಬ ಅಳುಕು. ಅದಕ್ಕೇ ಎಲ್ಲರೂ ಒಟ್ಟಿಗೆ ಆಡುವ, ನೋಡುವವರೇ ಇಲ್ಲದ ಆಟಗಳಿಂದ ಶುರುಮಾಡಿ. ಇಬ್ಬಿಬ್ಬರು ಎದುರುಬದುರು ನಿಂತು, ಒಬ್ಬರು ಕನ್ನಡಿಯಾಗಿ ಇನ್ನೊಬ್ಬರು ಮಾಡಿದ್ದನ್ನೇ ಮಾಡುವ ಆಟ ಸಾಕು. ಅಮೆರಿಕದ ವಯೋಲಾ ಸ್ಪೋಲಿನ್ ಇಂಥ ಆಟಗಳನ್ನು ಕಟ್ಟಿಕೊಂಡು ಷಿಕಾಗೋದಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ನಾಟಕ ಕಲಿಸಿದರು. ಭಾಷೆ ಬೇರೆಬೇರೆಯಾದ ಮಕ್ಕಳು ಆಟದಲ್ಲಿ ಒಂದಾದರು. 1963ರಲ್ಲಿ ಆಕೆ ಅವನ್ನೆಲ್ಲ ಪುಸ್ತಕ ಮಾಡಿದರು. ನಮ್ಮ ಕುಂಟೆಬಿಲ್ಲೆ, ಕಣ್ಣಾಮುಚ್ಚಾಲೆಯೂ ಅದೇ ಕೆಲಸ ಮಾಡುತ್ತವೆ. ಮೈ ಬಿಚ್ಚಿಕೊಳ್ಳಬೇಕು, ಕಣ್ಣು ಚುರುಕಾಗಬೇಕು.

ಆಮೇಲೆ ಮಕ್ಕಳಿಗೆ ಗೊತ್ತಿರುವ ಕತೆಯನ್ನೇ ಎತ್ತಿಕೊಳ್ಳಿ. ನಾನು ಎತ್ತಿಕೊಂಡದ್ದು ಗೋವಿನ ಹಾಡು. ಎಂಟನೇ ತರಗತಿಯ ಒಬ್ಬ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, 'ಇವನೇ ಹುಲಿ ಅರ್ಬುತ, ಏನು ಬೇಕಾದರೂ ಕೇಳಿ' ಅಂದೆ. ಮೊದಮೊದಲು ನಕ್ಕರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, 'ಅವಳು ವಾಪಸ್ ಬರ್ತಾಳೆ ಅಂತ ನಿಂಗೆ ನಂಬಿಕೆ ಇತ್ತಾ?' ಎಂದಳು. ಹುಡುಗ ಸುಮಾರು ಹೊತ್ತು ಸುಮ್ಮನಿದ್ದ. ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆಯುತ್ತಿದ್ದ. ಕೊನೆಗೆ, 'ಇರ್ಲಿಲ್ಲ. ಆದ್ರೆ ಹಾಗೆ ಬೇಡ್ಕೊಂಡೋರು ಯಾರೂ ಇರ್ಲಿಲ್ಲ' ಅಂದ. ತರಗತಿ ಗಪ್‌ಚಿಪ್. ಅಷ್ಟು ಹೊತ್ತಿಗೆ ಅವನು ಹುಲಿಯಾಗಿದ್ದ. ಬಣ್ಣ, ಬಾಲ ಯಾವುದೂ ಬೇಕಾಗಲಿಲ್ಲ.

ಮರುದಿನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವ ಭಾಗ. ಹಾಡಿನಲ್ಲಿ ಎಲ್ಲರೂ ಒಪ್ಪಿಕೊಳ್ಳುತ್ತಾರಲ್ಲ, ನಮ್ಮ ತರಗತಿಯ ಒಂದು ಹಸು ಒಪ್ಪಲಿಲ್ಲ. 'ನನ್ನ ಕರುವಿಗೇ ಹಾಲು ಸಾಲದು' ಎಂದುಬಿಟ್ಟಳು! ಅಲ್ಲಿಂದ ಹುಟ್ಟಿದ ಜಗಳ, ಸಮಾಧಾನ, ಅಳು ಎಲ್ಲ ಅವರದೇ ಮಾತಿನಲ್ಲಿತ್ತು. ಅದನ್ನು ಮಕ್ಕಳಿಂದಲೇ ನೋಟುಬುಕ್ಕಿನಲ್ಲಿ ಬರೆಸಿದೆ. ಬರೆಯಲು ಬೇಸರಪಡುತ್ತಿದ್ದವರೂ ಅಂದು ಎರಡು ಪುಟ ಬರೆದರು. ನೀವು ಕನ್ನಡ ಟೀಚರ್, ಇದರ ಬೆಲೆ ನಿಮಗೆ ಬೇರೆ ಹೇಳಬೇಕಿಲ್ಲ.

ವೇದಿಕೆ ಎಂದರೆ ಹೆದರುವ ಮಕ್ಕಳಿಗೆ ಸದ್ದಿನ ಕೆಲಸ ಕೊಡಿ. ಬಿ. ವಿ. ಕಾರಂತರು ಕೈಗೆ ಸಿಕ್ಕ ಸಾಮಾನಿನಿಂದೆಲ್ಲ ರಂಗಸಂಗೀತ ಹೊರಡಿಸಿದವರು. ತೆಂಗಿನ ಚಿಪ್ಪು, ಸ್ಟೀಲ್ ತಟ್ಟೆ, ಒಣ ಎಲೆ ಇಟ್ಟುಕೊಂಡು ನಮ್ಮ ಮಕ್ಕಳು ಒಂದು ಕಾಡನ್ನೇ ಎಬ್ಬಿಸಿದರು. ಮಾತೇ ಆಡದ ಒಬ್ಬ ಹುಡುಗ ಬರೀ ಅಂಗೈ ಉಜ್ಜಿ ಮಳೆ ತಂದ.

ಇನ್ನು ಪುಸ್ತಕಗಳು. ಕಾರಂತರ 'ಪಂಜರ ಶಾಲೆ' ಮೊದಲು ಓದಿ. ಗಿಳಿಗೆ ವಿದ್ಯೆ ಕಲಿಸಲು ಹೋಗಿ ಅದನ್ನು ಕೊಂದೇಬಿಡುವ ಟ್ಯಾಗೋರರ ಕತೆ ಅದರ ಮೂಲ. ಪರೀಕ್ಷೆಯ ಒತ್ತಡದಲ್ಲಿರುವ ಹತ್ತನೇ ತರಗತಿಯವರಿಗೆ ಅದು ಬೇಗ ತಟ್ಟುತ್ತದೆ. ವೈದೇಹಿಯವರ ಮಕ್ಕಳ ನಾಟಕಗಳಲ್ಲಿ ಆಡುಮಾತಿನ ಲಯವಿದೆ. ಷೇಕ್ಸ್‌ಪಿಯರನ 'ಟೆಂಪೆಸ್ಟ್' ಅವರ ಕೈಯಲ್ಲಿ 'ಧಾಂ ಧೂಂ ಸುಂಟರಗಾಳಿ' ಆಗಿದೆ. ದೊಡ್ಡ ಮಕ್ಕಳಿಗೆ ಕುವೆಂಪು ಅವರ 'ಜಲಗಾರ' ಮಾಡಿಸಿ. ಶಿವ ಬೀದಿ ಗುಡಿಸುವವನಾಗಿ ಬರುತ್ತಾನೆಂದರೆ ಮಕ್ಕಳು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಭಾಷೆ ತುಸು ಬಿಗಿ. ಜೋರಾಗಿ ನಾಲ್ಕು ಸಲ ಓದಿಸಿ, ನಾಲಿಗೆ ತಾನಾಗಿ ಹೊರಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳಿಗೆ ಒಂದು ಒಳ್ಳೆಯ ನಾಟಕ ತೋರಿಸಿ. ನಾಟಕವನ್ನೇ ನೋಡದ ಮಗುವಿಗೆ ಅಭಿನಯ ಕಲಿಸುವುದು ಬಲು ಕಷ್ಟ. ಹೆಗ್ಗೋಡಿನ ನೀನಾಸಂ 1985ರಿಂದ 'ತಿರುಗಾಟ' ಹೊರಡಿಸುತ್ತಿದೆ. ನಿಮ್ಮ ಹತ್ತಿರದ ಊರಿಗೆ ಬಂದರೆ ಬಸ್ಸು ಮಾಡಿಕೊಂಡಾದರೂ ಕರೆದುಕೊಂಡು ಹೋಗಿ. ಬಿಡುವು ನೋಡಿ ಕಲಾವಿದರನ್ನು ಕೇಳಿಕೊಂಡರೆ ಪರದೆಯ ಹಿಂದನ್ನೂ ತೋರಿಸಿಯಾರು. ರಾಜನ ಕಿರೀಟ ರಟ್ಟಿನದು ಎಂದು ಗೊತ್ತಾದಾಗ ಆ ಕಣ್ಣುಗಳನ್ನು ನೋಡಬೇಕು.

ಸೋಮವಾರ ಕೊನೆಯ ಪೀರಿಯಡ್ ನಿಮ್ಮದು ಎಂದಿರಿ. ಬೆಂಚುಗಳನ್ನು ಗೋಡೆಗೆ ಸರಿಸಿ, ಒಂದು ಕುರ್ಚಿ ಮಾತ್ರ ಉಳಿಸಿಕೊಳ್ಳಿ. ಹುಲಿಯನ್ನು ನಿಮ್ಮ ಮಕ್ಕಳು ಏನೇನು ಕೇಳಿದರೆಂದು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿಮ್ಮ ಗೆಳತಿ