ಹಳೆಯ ಲೇತಿನ ಎಣ್ಣೆ

ಕೈಬದಲಾದ ಯಂತ್ರದ ವಿಷಯದಲ್ಲಿ ಮಾರುವವನ ಮಾತು, ಮೊನ್ನೆ ಬಳಿದ ಹಸಿರು ಬಣ್ಣ, ಕೊಳ್ಳುವವನ ಆಸೆ, ಈ ಮೂರೂ ಒಂದೇ ಪಕ್ಷವನ್ನು ಹಿಡಿದು ಸಾಕ್ಷ್ಯ ನುಡಿಯುವುದರಿಂದ, ಸತ್ಯವನ್ನರಿಯಬೇಕೆನ್ನುವವನು ಗೇರುಗಳಿರುವ ಹೆಡ್‌ಸ್ಟಾಕಿನ ಅಡಿಯ ಡ್ರೈನ್ ಪ್ಲಗ್ಗನ್ನು ಬಿಚ್ಚಿ ಎಣ್ಣೆಯನ್ನೇ ವಿಚಾರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ಕೊಂಡುದು ಪೀಣ್ಯದಲ್ಲಿ ಬಾಗಿಲು ಮುಚ್ಚಿದ ವರ್ಕ್‌ಶಾಪೊಂದರ ಎಚ್‌ಎಂಟಿ ಲೇತು. ಎಚ್‌ಎಂಟಿ ಎಂದೊಡನೆ ಜನಕ್ಕೆ ಕೈಗಡಿಯಾರ ನೆನಪಾಗುತ್ತದೆ. ಆದರೆ 1953ರಲ್ಲಿ ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಜಾಲಹಳ್ಳಿಯಲ್ಲಿ ಹುಟ್ಟಿದ ಆ ಕಾರ್ಖಾನೆ ಮೊದಲು ಕೈಯಿಕ್ಕಿದುದು ಲೇತಿಗೆ, ಗಡಿಯಾರ ಬಂದುದು ಆಮೇಲೆ. ನನ್ನ ಲೇತಿನ ಮುಚ್ಚಳದ ಮೂಲೆಯಲ್ಲಿ, ಬಣ್ಣ ಬಳಿದವನ ಬ್ರಷ್ಷು ತಲುಪದೆಡೆಯಲ್ಲಿ, ಎಷ್ಟೋ ಆಯುಧಪೂಜೆಗಳ ಕುಂಕುಮ ಜಿಡ್ಡಿನೊಡನೆ ಬೆರೆತು ಹೆಪ್ಪುಗಟ್ಟಿತ್ತು. ವರ್ಷಕ್ಕೊಮ್ಮೆ ಚೆಂಡುಹೂವಿನ ಹಾರ ಹಾಕಿ ಕುಂಬಳಕಾಯಿ ಒಡೆಯುವ ನಮ್ಮ ಭಕ್ತಿ, ಅದೇ ದಿನ ಎರಡು ಬೋಲ್ಟು ಬಿಚ್ಚಿ ಒಳಗೆ ಇಣುಕಿ ನೋಡುವಷ್ಟು ಮುಂದುವರಿಯುವುದಿಲ್ಲವೆಂಬುದು ವಿಚಿತ್ರವೇ ಸರಿ.

ತಣ್ಣಗಿರುವ ಯಂತ್ರದ ಎಣ್ಣೆಯನ್ನು ಇಳಿಸಬಾರದು. ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾಗಿಸಿದರೆ ತಳಕ್ಕಂಟಿದ ಕಿಟ್ಟವೆಲ್ಲ ಕದಡಿ, ತೆಳುವಾದ ಎಣ್ಣೆಯ ಜೊತೆಗೆ ಹೊರಬೀಳುತ್ತದೆ. ಹಾಗೆ ಓಡಿಸಿಯೂ ನನ್ನ ತಟ್ಟೆಗೆ ಬಿದ್ದುದು ಜೋನಿಬೆಲ್ಲದಂತಹ ಕಪ್ಪು ದ್ರವ, ಅದರ ಮೇಲೆ ಗಂಧಕದ ಘಾಟು. ಜೊತೆಗಿದ್ದ ಮುದುಕ ಟರ್ನರು ಒಂದು ತೊಟ್ಟನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಮೂಸಿ, “ಲಾರಿ ಎಣ್ಣೆ ಹಾಕವ್ರೆ ಸ್ವಾಮಿ, ಸದ್ದು ಮುಚ್ಚೋಕೆ” ಎಂದ. ಉಜ್ಜಿದ ಬೆರಳಿನ ಮೇಲೆ ಹೊಂಬಣ್ಣದ ಹುಡಿ ಮಿನುಗುತ್ತಿತ್ತು. ಅಯಸ್ಕಾಂತಕ್ಕೆ ಅದು ಒಲಿಯಲಿಲ್ಲ. ಗೇರನ್ನು ಸರಿಸುವ ಕಂಚಿನ ಭಾಗ ಸವೆದಿದೆಯೆಂದು ಅರ್ಥ. ಒಲಿದು ಬಂದ ಬೂದುಬಣ್ಣದ ಕೆಸರು ಉಕ್ಕಿನದು; ಅದು ಅಲ್ಪವಾಗಿದ್ದರೆ ಚಿಂತೆಯಿಲ್ಲ, ಚೂರುಗಳಾಗಿ ಸಿಕ್ಕಿದರೆ ಹಲ್ಲೆಲ್ಲೋ ಮುರಿದಿರಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆಯೆಂದು ತಿಳಿಯತಕ್ಕದ್ದು.

ದಪ್ಪ ಎಣ್ಣೆಯೇ ಪುಷ್ಟಿಯೆಂಬ ಭ್ರಾಂತಿ ನಮ್ಮಲ್ಲಿ ಬಲವಾಗಿದೆ. ಇಂತಹ ಲೇತಿನ ಹೆಡ್‌ಸ್ಟಾಕಿಗೆ ಸಾಮಾನ್ಯವಾಗಿ 68ರ ಎಣ್ಣೆ ಸಾಕು. ಆ ಅಂಕ 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಸ್ನಿಗ್ಧತೆ ಎಷ್ಟು ಸೆಂಟಿಸ್ಟೋಕ್ ಎಂಬುದನ್ನು ಹೇಳುತ್ತದೆ. ಅದಕ್ಕಿಂತ ಹಲವು ಪಟ್ಟು ದಪ್ಪನಾದ, ಲಾರಿಗೆ ಹಾಕುವ 140ರ (ಈ ಅಂಕ ಬೇರೆಯ ಮಾಪಕದ್ದು) ಗೇರ್ ಆಯಿಲ್ ಸವೆದ ಹಲ್ಲುಗಳ ಗಲಾಟೆಯನ್ನು ಅಡಗಿಸಬಲ್ಲದೆಂಬುದು ನಿಜವಾದರೂ, ಬೇರಿಂಗಿಗೆ ಹೋಗುವ ಕಿರುದಾರಿಗಳಲ್ಲಿ ನುಸುಳಲಾರದೆ, ತಾನೂ ಕಾದು ಯಂತ್ರವನ್ನೂ ಕಾಯಿಸುತ್ತದೆ. ಕಾದಾಗ ಅದರ ಗಂಧಕಾಂಶ ಕಂಚಿಗೆ ಶತ್ರು. ಹಾಗೆಂದು ಮೋಟಾರಿನ ಎಂಜಿನ್ ಆಯಿಲ್ ಸುರಿಯುವುದೂ ಉಚಿತವಲ್ಲ. ಕೊಳೆಯನ್ನು ತಳಕ್ಕಿಳಿಯಗೊಡದೆ ತೇಲಿಸಿಟ್ಟುಕೊಳ್ಳುವುದು ಅದರ ಧರ್ಮ, ಅದನ್ನು ಸೋಸುವ ಫಿಲ್ಟರು ಎಂಜಿನ್ನಿಗುಂಟು, ಅನೇಕ ಹಳೆಯ ಲೇತುಗಳಿಗಿಲ್ಲ.

ರಾತ್ರಿಯೆಲ್ಲ ತೊಟ್ಟಿಕ್ಕಲು ಬಿಟ್ಟು, ಮರುದಿನ ತೆಳು ಎಣ್ಣೆಯಿಂದ ತೊಳೆದು, ಒಳಗನ್ನು ಬನಿಯನ್ ವೇಸ್ಟಿನಿಂದ ಒರೆಸಿದೆವು. ಕಾಟನ್ ವೇಸ್ಟನ್ನು ಮುದುಕ ಹತ್ತಿರಕ್ಕೂ ತರಗೊಡಲಿಲ್ಲ, ಅದರ ಎಳೆಗಳು ಎಣ್ಣೆಯ ದಾರಿಯನ್ನು ಕಟ್ಟುತ್ತವೆಂದು. ಪ್ಲಗ್ಗಿಗೆ ಹೊಸ ತಾಮ್ರದ ವಾಷರು ಹಾಕಿ, ಗಾಜಿನ ಕಿಂಡಿಯ ಅರ್ಧದವರೆಗೆ ಮಾತ್ರ ತುಂಬಿದೆವು. ಹೆಚ್ಚಾದರೆ ನೊರೆಯೆದ್ದು ಸ್ಪಿಂಡಲಿನ ಬಾಯಿಂದ ಹೊರಗೆ ಸುರಿಯುತ್ತದೆ.

ಸ್ವಿಚ್ಚು ಒತ್ತಿದಾಗ, ಕೊಂಡ ದಿನ ಮೌನವಾಗಿದ್ದ ಯಂತ್ರ ಎರಡು ವೇಗಗಳಲ್ಲಿ ಟಕಟಕನೆ ಬಡಿದುಕೊಳ್ಳತೊಡಗಿತು. ಬೆಲೆ ಇಳಿಸುವ ಕಾಲ ಮೀರಿಹೋಗಿತ್ತು. ಆ ಎರಡು ವೇಗಗಳ ಗೇರುಗಳನ್ನು ಹೊಸದಾಗಿ ಕಡೆಸುವವರೆಗೆ ಅವನ್ನು ಮುಟ್ಟುವುದು ಬೇಡವೆಂದು ಗೊತ್ತುಮಾಡಿಕೊಂಡು, ಫೀಡ್ ಗೇರ್ ಬಾಕ್ಸಿನ ಪ್ಲಗ್ಗಿಗೆ ಸ್ಪ್ಯಾನರು ಹುಡುಕತೊಡಗಿದೆವು.