ಸತ್ತವರ ಅಭಿನಯ

ನನ್ನ ಮೊಮ್ಮಗನಿಗೆ ಹತ್ತು ವರ್ಷ. ಕಳೆದ ದೀಪಾವಳಿಗೆ ನಮ್ಮಲ್ಲಿಗೆ ಬಂದವನು ಚಕ್ಕುಲಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದ. ನೋಡುತ್ತ ನೋಡುತ್ತ, “ಅಜ್ಜ, ಜೋಂಬಿ ಎಂದರೆ ಗೊತ್ತಾ?” ಎಂದು ಕೇಳಿದ. ನನಗೆ ಜೋಂಪು ಗೊತ್ತು. ಮಧ್ಯಾಹ್ನ ಊಟವಾದ ಮೇಲೆ ಅದು ತಪ್ಪದೆ ಹತ್ತುತ್ತದೆ. ಜೋಂಬಿ ಎಂದರೆ ಸತ್ತ ಮೇಲೂ ನಡೆದಾಡುವವರು ಎಂದು ಅವನು ವಿವರಿಸಿದ. “ಅದು ನಮ್ಮಲ್ಲಿಯೂ ಉಂಟಪ್ಪ, ಬೇತಾಳ” ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಅವನ ಮಾತೂ ಸರಿಯೇ. ನಮ್ಮ ಬೇತಾಳ ಹೆಣದೊಳಗೆ ಕುಳಿತೇ ಕಥೆ ಹೇಳುತ್ತದೆ, ವಿಕ್ರಮನಂಥ ರಾಜನನ್ನು ಪರೀಕ್ಷೆಗೆ ಕೂರಿಸುತ್ತದೆ. ಹೈಟಿ ದೇಶದ ನಂಬಿಕೆಯಲ್ಲಿ ಹುಟ್ಟಿದ ಈ ಜೋಂಬಿಗೆ ಮಾತಿಲ್ಲ, ಬುದ್ಧಿಯಿಲ್ಲ. ಮಂತ್ರವಾದಿ ಎಬ್ಬಿಸಿದರೆ ಎದ್ದು ಜೀತ ಮಾಡುವುದಷ್ಟೇ ಅದರ ಪಾಡು. ಅಮೆರಿಕದ ಸಿನಿಮಾದವರು ಆಮೇಲೆ ಅದಕ್ಕೆ ಹಸಿವನ್ನೂ ಸೇರಿಸಿದರು.

ಒಳಗಿನಿಂದ ಚಹಾ ತಂದ ನನ್ನ ಹೆಂಡತಿ, “ಜೋಂಬಿಯನ್ನು ಮೊಬೈಲಿನಲ್ಲಿ ಯಾಕೆ ಹುಡುಕುತ್ತೀಯ? ಅಗೋ, ಕುರ್ಚಿಯಲ್ಲಿ ಕುಳಿತಿದ್ದಾನಲ್ಲ” ಎಂದು ಕೈ ತೋರಿಸಿದಳು. ಕುರ್ಚಿಯಲ್ಲಿ ಕುಳಿತಿದ್ದವನು ನನ್ನ ತಂಗಿಯ ಮಗ. ಹಬ್ಬಕ್ಕೆಂದು ಡೊಂಬಿವಲಿಯಿಂದ ಬಂದಿದ್ದ. ಅರವತ್ತರ ಹತ್ತಿರದ ಆ ಮನುಷ್ಯ ನಾಚಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಕಾರಣ ಹೇಳಬೇಕಾದರೆ ಹಳೆಯ ಕಥೆಯನ್ನೇ ಹೇಳಬೇಕು.

ಅವನು ಕುಂದಾಪುರದ ಕಡೆಯ ಊರಿನಿಂದ ನಮ್ಮ ಮನೆಗೆ ಬಂದದ್ದು 1985ರಲ್ಲಿ. ಆಗ ನಾವು ಭಾಂಡುಪಿನ ಚಾಳಿನಲ್ಲಿ ಎರಡು ಕೋಣೆಗಳಲ್ಲಿದ್ದೆವು. ಒಂಬತ್ತನೆಯ ವರ್ಷದಲ್ಲಿ ಹಲಸಿನ ಮರದಿಂದ ಬಿದ್ದು ಅವನ ಎಡಗಾಲು ಮುರಿದಿತ್ತು. ಊರಿನಲ್ಲಿ ಕಟ್ಟಿದ ಕಟ್ಟು ನೆಟ್ಟಗೆ ಕೂಡಲಿಲ್ಲ. ನಡೆಯುವಾಗ ಆ ಕಾಲು ಒಂದು ಕ್ಷಣ ತಡವಾಗಿ ಹಿಂದಿನಿಂದ ಬರುತ್ತಿತ್ತು. ನಮ್ಮವರ ಹೊಟೆಲೊಂದಕ್ಕೆ ಕರೆದುಕೊಂಡು ಹೋದೆ. ಯಜಮಾನರು ಅವನನ್ನು ಅಡಿಗೆಮನೆಯ ಬಾಗಿಲವರೆಗೆ ನಡೆಸಿ ನೋಡಿ, “ಬಡಿಸುವವನ ಕಾಲು ಚುರುಕಿರಬೇಕು ಮಾರಾಯರೆ” ಎಂದರು. ಇನ್ನೆರಡು ಕಡೆಗಳಲ್ಲಿಯೂ ಇದೇ ಮಾತು. ಹೀಗಿರುವಾಗ ಚಾಳಿನ ಹುಡುಗನೊಬ್ಬ ಅವನನ್ನು ಸಿನಿಮಾದ ಗುಂಪಿಗೆ ಜನ ಒದಗಿಸುವವನೊಬ್ಬನ ಬಳಿ ಕರೆದೊಯ್ದ. ಅಲ್ಲಿ ಕಾಲನ್ನು ನೋಡಿ ಬೇಡವೆನ್ನಲಿಲ್ಲ, ನೋಡಿಯೇ ಬೇಕೆಂದರು.

ಆ ಕಾಲದ ಮುಂಬಯಿಯಲ್ಲಿ ಹೆಣ ಎಬ್ಬಿಸುವ ಉದ್ಯೋಗಕ್ಕೆ ಒಂದು ಮನೆತನವೇ ಇತ್ತು. ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಎಫ್. ಯು. ರಾಮ್ಸೆಯವರು ದೇಶ ವಿಭಜನೆಯಾದಾಗ ಇಲ್ಲಿಗೆ ಬಂದು ಲ್ಯಾಮಿಂಗ್ಟನ್ ರಸ್ತೆಯಲ್ಲಿ ನೆಲೆ ನಿಂತರು. ಆಮೇಲೆ ಚಿತ್ರಗಳಿಗೆ ಹಣ ಹಾಕಿದರು. 1970ರ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಅದರಲ್ಲಿ ಪೃಥ್ವಿರಾಜ ಕಪೂರರು ಭಯಂಕರ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ದೃಶ್ಯವನ್ನು ಕಂಡು ಜನ ಬೆಚ್ಚಿ ಹಿಗ್ಗಿದ್ದನ್ನು ಅವರ ಮಕ್ಕಳು ಗಮನಿಸಿದರು. ಏಳು ಜನ ಗಂಡುಮಕ್ಕಳು. ತುಳಸಿ ಮತ್ತು ಶ್ಯಾಮ್ ನಿರ್ದೇಶನಕ್ಕೆ, ಗಂಗು ಕ್ಯಾಮರಾಕ್ಕೆ, ಕಿರಣ್ ಧ್ವನಿಗೆ, ಕುಮಾರ್ ಕಥೆಗೆ, ಹೀಗೆ ಕೆಲಸವೆಲ್ಲ ಮನೆಯೊಳಗೇ ಹಂಚಿಹೋಯಿತು. 1972ರಲ್ಲಿ ಮಹಾಬಳೇಶ್ವರಕ್ಕೆ ಹೋಗಿ ಸ್ವಲ್ಪ ಖರ್ಚಿನಲ್ಲಿ ‘ದೋ ಗಜ್ ಜಮೀನ್ ಕೇ ನೀಚೆ’ ತೆಗೆದರು. ಕೊಲೆಯಾಗಿ ಹೂತುಹೋದ ಗಂಡ ಎದ್ದು ಬರುವ ಕಥೆ. 1984ರ ‘ಪುರಾನಾ ಮಂದಿರ್’ ಇನ್ನೂ ದೊಡ್ಡ ಗೆಲುವು. ಅದರಲ್ಲಿ ರಾಕ್ಷಸನಾದ ಅನಿರುದ್ಧ ಅಗರವಾಲರು ರೂರ್ಕಿಯಲ್ಲಿ ಓದಿದ ಇಂಜಿನಿಯರು. ಅವರ ಎತ್ತರವೂ ಮುಖದ ಕಟ್ಟೂ ಅವರನ್ನು ಆ ವೇಷಕ್ಕೆ ಎಳೆದವು.

ಒಬ್ಬರ ಅಂಗಡಿ ನಡೆದರೆ ಪಕ್ಕದಲ್ಲಿ ನಾಲ್ಕು ಅಂಗಡಿ ಏಳುವುದು ಈ ಊರಿನ ನಿಯಮ. ನಮ್ಮ ಹುಡುಗ ಸೇರಿದ್ದು ಅಂಥ ಒಂದು ನಕಲು ಅಂಗಡಿಯ ಚಿತ್ರಕ್ಕೆ. ಹೆಸರು ಬೇಡ. ಮಢ್ ಕಡೆಯ ಒಂದು ಹಳೆಯ ಬಂಗಲೆ, ಅದರ ಹಿಂದೆ ಹಲಗೆಯ ಸಮಾಧಿಗಳು, ಇಪ್ಪತ್ತೆರಡು ಹೆಣಗಳು. ರಾತ್ರಿಗೆ 50 ರೂಪಾಯಿ, ಒಂದು ವಡಾಪಾವ್, ಎರಡು ಚಹಾ. ಮುಖಕ್ಕೆ ಹತ್ತಿ, ಗೋಂದು ಮತ್ತು ಬಣ್ಣ. ಹನ್ನೊಂದು ರಾತ್ರಿ ಹೋದ. ಬೆಳಿಗ್ಗೆ ಮಾಲಾಡಿನಿಂದ ದಾದರಿಗೆ, ದಾದರಿನಿಂದ ಭಾಂಡುಪಿಗೆ ಬರುವಾಗ ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಗೋಂದು ಹಾಗೆಯೇ ಇರುತ್ತಿತ್ತು. ಗಾಡಿಯಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ಆ ಹೊತ್ತಿನ ಲೋಕಲಿನಲ್ಲಿ ಎಲ್ಲರ ಮುಖವೂ ಒಂದೇ. ನೋಡಿದವಳು ನಮ್ಮ ಚಾಳಿನ ನಲ್ಲಿಯ ಬಳಿ ಕೊಡ ಹಿಡಿದು ನಿಂತ ಹೆಂಗಸು. ಅವಳು ಕೂಗಿದ ಕೂಗಿನ ಕಾಲು ಭಾಗ ಆ ಚಿತ್ರದ ನಾಯಿಕೆಗೆ ಬಂದಿದ್ದರೆ ಚಿತ್ರ ಉಳಿಯುತ್ತಿತ್ತು.

1987ರಲ್ಲಿ ಚಿತ್ರ ಬಿಡುಗಡೆಯಾಯಿತು. ನನ್ನ ತಂಗಿ ಮಗನ ಸಿನಿಮಾ ನೋಡಲಿಕ್ಕೆಂದೇ ಊರಿನಿಂದ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಬಂದಳು. ಬದುಕಿರುವ ಮಗ ಹೆಣದ ವೇಷ ಹಾಕಿದ್ದು ಒಳ್ಳೆಯ ಶಕುನವಲ್ಲವೆಂದು ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ಪ್ರಸಾದವನ್ನೂ ಕಟ್ಟಿಕೊಂಡು ಬಂದಿದ್ದಳು. ಭಾನುವಾರ ಬೆಳಗಿನ ಆಟಕ್ಕೆ ನಾವು ಆರು ಜನ ಹೊರಟೆವು. ಟಾಕೀಸಿನಲ್ಲಿ ನಮ್ಮನ್ನು ಬಿಟ್ಟು ನಲವತ್ತು ಜನರಿದ್ದರೆ ಹೆಚ್ಚು.

ಚಿತ್ರದ ವಿಷಯ ಏನು ಹೇಳಲಿ! ನಾಯಕನಿಗೆ ಇದ್ದದ್ದು ಒಂದೇ ನಗೆ. ಪ್ರೇಯಸಿಗೂ ಅದೇ, ಹೆಣಕ್ಕೂ ಅದೇ. ನಾಯಿಕೆ ಹೆಣ ಬರುವುದಕ್ಕೆ ಮೊದಲೇ ಕಿರಿಚಿ, ಬಂದಾಗ ಸುಮ್ಮನಿದ್ದಳು. ಹಾಸ್ಯದವನು ಬೇರೆ ಯಾವುದೋ ಚಿತ್ರದಿಂದ ದಾರಿ ತಪ್ಪಿ ಬಂದಂತಿದ್ದ. ಇವರ ನಡುವೆ ಬಂಗಲೆಯ ಕಾವಲುಗಾರನಾಗಿ ಒಬ್ಬ ಮುದುಕರು. ಮರಾಠಿ ರಂಗಭೂಮಿಯಲ್ಲಿ ಪಳಗಿದವರೆಂದು ಮೊದಲನೆಯ ಮಾತಿಗೇ ತಿಳಿಯುತ್ತಿತ್ತು. ಲಾಂದ್ರ ಎತ್ತಿ “ಒಳಗೆ ಹೋಗಬೇಡಿ” ಎಂದು ಅವರು ಹೇಳಿದಾಗ ನನ್ನ ಮೈ ನಿಜವಾಗಿಯೂ ಜುಮ್ಮೆಂದಿತು. ಆದರೆ ಅವರು ಚೆನ್ನಾಗಿ ಮಾಡಿದಷ್ಟೂ ಎದುರಿಗಿದ್ದ ನಾಯಕ ಕಂಬದಂತೆ ಕಾಣುತ್ತಿದ್ದ. ಅರ್ಧದಲ್ಲಿ ಅವರನ್ನು ಕೊಂದುಬಿಟ್ಟರು. ಒಂದು ಹೆಣ ಕೈಗಡಿಯಾರ ಕಟ್ಟಿಕೊಂಡಿತ್ತು. ಅದೂ ಹತ್ತೂಕಾಲು ತೋರಿಸುತ್ತಿತ್ತು.

ವಿರಾಮವಾದ ಮೇಲೆ ಇಪ್ಪತ್ತೆರಡು ಜನ ಹೊಗೆಯ ನಡುವೆ ಎದ್ದು ಬಂದರು. ಎಲ್ಲರೂ ಒಂದೇ ರೀತಿ ಎಡಗಾಲು ಎಳೆಯುತ್ತ, ಒಂದೇ ಲಯದಲ್ಲಿ, ಅವಸರವಿಲ್ಲದೆ ಬಂದರು. ಅಷ್ಟು ಹೊತ್ತು ಶಿಳ್ಳೆ ಹಾಕುತ್ತಿದ್ದ ಟಾಕೀಸು ಸುಮ್ಮನಾಯಿತು. ತಂಗಿ ನನ್ನ ತೋಳು ಹಿಡಿದು, “ಅಣ್ಣ, ಮುಂದಿನವನು ನಮ್ಮವನು” ಎಂದಳು. ಒಂದೆರಡು ನಿಮಿಷ ಅಷ್ಟೆ. ಮತ್ತೆ ನಾಯಕ ಬಂದ, ಮತ್ತೆ ಶಿಳ್ಳೆ.

ಆಟ ಮುಗಿದ ಮೇಲೆ ಸ್ಟೇಷನ್ನಿನ ಎದುರಿನ ಹೊಟೆಲಿನಲ್ಲಿ ಕುಳಿತು ದೋಸೆ ಹೇಳಿದೆವು. ಆ ದಿನಗಳಲ್ಲಿ ನಾನು ನಮ್ಮ ಸಂಘದ ನಾಟಕಗಳಲ್ಲಿ ಪಾತ್ರ ವಹಿಸುತ್ತಿದ್ದವನು. ಅಭಿನಯದ ವಿಷಯದಲ್ಲಿ ನನ್ನ ಮಾತಿಗೆ ಮನೆಯಲ್ಲಿ ಎದುರಿರಲಿಲ್ಲ. ನಾಯಕನ ನಗೆಯನ್ನು ನಕ್ಕು ತೋರಿಸಿದೆ. ನಾಯಿಕೆಯ ಕಿರಿಚಾಟವನ್ನು ಅನುಕರಿಸಿದೆ. ಕೈಗಡಿಯಾರದ ಹೆಣಕ್ಕೆ ಲೋಕಲು ತಪ್ಪಿಹೋಗುವ ಭಯ ಎಂದೆ. ಮಕ್ಕಳು ನಕ್ಕರು, ಅಳಿಯನೂ ನಕ್ಕ. ನಕ್ಕವರಿದ್ದರೆ ನಾಲಗೆಗೆ ಕಡಿವಾಣವಿಲ್ಲ. “ಆ ಸ್ಮಶಾನದವರೆಲ್ಲ ಒಂದೇ ಹಲಸಿನ ಮರದಿಂದ ಬಿದ್ದು ಸತ್ತವರೋ ಏನೋ” ಎಂದುಬಿಟ್ಟೆ.

ತಂಗಿ ದೋಸೆ ಮುಟ್ಟಿರಲಿಲ್ಲ. ಸ್ವಲ್ಪ ತಡೆದು, “ಅಣ್ಣ, ಇವನು ನಡೆದದ್ದು ಚೆನ್ನಾಗಿತ್ತಲ್ಲ?” ಎಂದು ಕೇಳಿದಳು.

“ಅದು ಅಭಿನಯವೇನಲ್ಲವಲ್ಲ, ಅವನ ನಡಿಗೆಯೇ ಹಾಗೆ” ಎಂದೆ.

ಅವನು ಎಡಗಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡದ್ದು ನನಗೆ ಕಂಡಿತು. ಕಂಡರೂ ಚಹಾ ಕುಡಿದೆ.

ಆಮೇಲೆ ಅವನು ಚಿತ್ರೀಕರಣಕ್ಕೆ ಹೋಗಲಿಲ್ಲ. ಮುಲುಂಡಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿ ಕಾಲಿನ ಮಾತು ಬರುವುದಿಲ್ಲ. ಮದುವೆಯಾಯಿತು, ಡೊಂಬಿವಲಿಯಲ್ಲಿ ಮನೆಯಾಯಿತು. ನಮ್ಮ ಮನೆಯಲ್ಲಿ ಆ ಚಿತ್ರ ಒಂದು ಹಾಸ್ಯದ ಮಾತಾಗಿ ಉಳಿಯಿತು.

ನಾನಂತೂ ಆ ಚಿತ್ರ ಯಾಕೆ ಕೆಟ್ಟಿತೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಬಡತನವೊಂದೇ ಕಾರಣವೆನ್ನುವಂತಿಲ್ಲ. ಅಮೆರಿಕದ ಪಿಟ್ಸ್‌ಬರ್ಗಿನ ಕಡೆ ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸಹ ಬಡವರ ಚಿತ್ರವೇ. ಕಪ್ಪು ಬಿಳುಪು ಫಿಲ್ಮು, ರಕ್ತಕ್ಕೆ ಚಾಕೊಲೇಟು ಪಾಕ, ಹೆಣಗಳಾಗಿ ಊರಿನ ಜನ. ಹಣ ಹಾಕಿದವರೂ ವೇಷ ಹಾಕಿದರು. ಇಂದಿನ ಜೋಂಬಿ ಚಿತ್ರಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ನಮ್ಮ ಚಿತ್ರದ ಕೊರತೆ ಬೇರೆ. ಅಂದಿನ 35 ಮಿಲಿಮೀಟರ್ ಫಿಲ್ಮು ಒಂದು ನಿಮಿಷಕ್ಕೆ 90 ಅಡಿ ಓಡುತ್ತಿತ್ತು. ಮತ್ತೊಮ್ಮೆ ಮಾಡಿಸಿದರೆ ಮತ್ತೆ 90 ಅಡಿಯ ಬೆಲೆ. ಅಂಥಲ್ಲಿ ಮೊದಲನೆಯ ಸಲ ಬಂದದ್ದೇ ಸರಿಯೆಂದು ಮುಂದೆ ಹೋಗುತ್ತಾರೆ. ಕಲಿತು ಬಂದವರು ಉಳಿಯುತ್ತಾರೆ, ಉಳಿದವರು ಬಯಲಾಗುತ್ತಾರೆ. ಸಂಘದ ನಾಟಕಗಳಲ್ಲಿ ನಮ್ಮ ಅವಸ್ಥೆಯೂ ಇದಕ್ಕಿಂತ ಮೇಲೇನಲ್ಲ. ಆಫೀಸು ಬಿಟ್ಟು ಬಂದು ಕಡೆಯ ಗಾಡಿಗೆ ಓಡುವವರ ತಾಲೀಮಿನಲ್ಲಿ ದುರ್ಯೋಧನನಿದ್ದ ದಿನ ಭೀಮನಿಲ್ಲ. ತಾನೊಬ್ಬನೇ ಚೆನ್ನಾಗಿ ಮಾಡುವುದು ಸುಲಭ. ಎಲ್ಲರೂ ಒಂದೇ ನಾಟಕದಲ್ಲಿರುವುದು ಕಷ್ಟ. ಆ ಚಿತ್ರದಲ್ಲಿ ಒಂದೇ ನಾಟಕದಲ್ಲಿದ್ದವರು ಆ ಇಪ್ಪತ್ತೆರಡು ಹೆಣಗಳು ಮಾತ್ರ. ಅದು ಹೇಗೆ ಸಾಧ್ಯವಾಯಿತು ಎಂದು ಮಾತ್ರ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಕಳೆದ ದೀಪಾವಳಿಯಂದು ಮೊಮ್ಮಗ ಮೊಬೈಲನ್ನು ಅವನ ಮುಂದೆ ಹಿಡಿದ. ಅಳಿಯ ಕನ್ನಡಕ ಏರಿಸಿ ನೋಡಿ, “ಇವರು ಭುಜ ಅಲ್ಲಾಡಿಸುತ್ತಾರೆ. ಭುಜ ಅಲ್ಲಾಡಬಾರದು. ನಾನು ಆ ಹುಡುಗರಿಗೆ ಅದನ್ನೇ ಹೇಳುತ್ತಿದ್ದೆ” ಎಂದ.

“ಯಾವ ಹುಡುಗರಿಗೆ?” ಎಂದೆ ನಾನು.

ಆಗ ಹೇಳಿದ. ಮೊದಲನೆಯ ರಾತ್ರಿ ಇಪ್ಪತ್ತೆರಡು ಜನ ಇಪ್ಪತ್ತೆರಡು ರೀತಿ ನಡೆದರಂತೆ. ಒಬ್ಬ ಕುಡಿದವನ ಹಾಗೆ, ಒಬ್ಬ ಕುರುಡನ ಹಾಗೆ. ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಕಡೆಗೆ ಇವನನ್ನು ಮುಂದೆ ಕರೆದು, “ಇವನು ನಡೆಯುವ ಹಾಗೆ ನಡೆಯಿರಿ, ಇವನೇ ಕಲಿಸುತ್ತಾನೆ” ಎಂದರಂತೆ. ದೀಪ ಜೋಡಿಸುವಷ್ಟು ಹೊತ್ತು, ಊಟದ ಹೊತ್ತು, ಕಡಲ ದಂಡೆಯ ಮರಳಿನಲ್ಲಿ ಇವನು ಆ ಇಪ್ಪತ್ತೊಂದು ಜನರನ್ನು ನಡೆಸಿದ. ಹಸಿ ಮರಳಿನಲ್ಲಿ ಎಡಗಾಲಿನ ಗೆರೆ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ದೊಂದಿ ಹಿಡಿದು ನೋಡುತ್ತಿದ್ದನಂತೆ. ಮೂರು ರಾತ್ರಿ ತಾಲೀಮು. ನಾಲ್ಕನೆಯ ರಾತ್ರಿ ಕ್ಯಾಮರಾ. ಫಿಲ್ಮಿಗೆ ಅಡಿಗಿಷ್ಟೆಂದು ಬೆಲೆ ಉಂಟು, ಮರಳಿಗಿಲ್ಲವಲ್ಲ.

“ಇದನ್ನು ಅಂದೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ.

“ಅಮ್ಮನಿಗೆ ಹೇಳಿದ್ದೆ, ಮಾವ. ಟಾಕೀಸಿಗೆ ಹೋಗುವ ದಾರಿಯಲ್ಲಿಯೇ ಹೇಳಿದ್ದೆ. ನಿಮಗೆ ಆಟ ಮುಗಿದ ಮೇಲೆ ಹೇಳೋಣ ಎಂದುಕೊಂಡಿದ್ದೆ.”

ಅಂದ ಮೇಲೆ ಹೊಟೆಲಿನಲ್ಲಿ ಆ ಪ್ರಶ್ನೆ ಕೇಳುವಾಗ ತಂಗಿಗೆ ಎಲ್ಲವೂ ಗೊತ್ತಿತ್ತು. ತಿಳಿಯದೆ ಕೇಳಿದ್ದಲ್ಲ ಅವಳು. ನಾಟಕ ಬಲ್ಲ ಅಣ್ಣನ ಬಾಯಿಯಿಂದ ಒಂದು ಒಳ್ಳೆಯ ಮಾತು ಬರಲಿ, ಮಗ ಅದನ್ನು ಕೇಳಲಿ ಎಂದು ದಾರಿ ಮಾಡಿ ಕೊಟ್ಟಿದ್ದಳು. ಅವಳು ತೀರಿಹೋಗಿ ಹನ್ನೊಂದು ವರ್ಷವಾಯಿತು. ಉತ್ತರ ಹೇಳೋಣವೆಂದರೆ ಕೇಳಿದವಳಿಲ್ಲ.

“ನಡೆದದ್ದು ಬಹಳ ಚೆನ್ನಾಗಿತ್ತು, ಮಗು. ಆ ಚಿತ್ರದಲ್ಲಿ ಚೆನ್ನಾಗಿದ್ದದ್ದು ಅದೊಂದೇ” ಎಂದೆ. ಅರವತ್ತರ ಹತ್ತಿರದವನನ್ನು ಮಗುವೆಂದು ಕರೆದದ್ದಕ್ಕೋ ಏನೋ ಮೊಮ್ಮಗ ನಕ್ಕ. ಅಳಿಯ ಏನೂ ಹೇಳಲಿಲ್ಲ. ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ.

ಮೊಮ್ಮಗನಿಗೆ ಅಷ್ಟೇ ಸಾಕಾಗಿತ್ತು. ಕುರ್ಚಿಗಳನ್ನು ಗೋಡೆಗೆ ಸರಿಸಿದ. ಅಡಿಗೆಮನೆಯ ಬಾಗಿಲಿನಿಂದ ಮುಂಬಾಗಿಲವರೆಗೆ ಅಳಿಯ ನಡೆದು ತೋರಿಸಿದ. ಅವನ ಹಿಂದೆ ಮೊಮ್ಮಗ. ನಾನೂ ಎದ್ದು ಮೂರನೆಯವನಾಗಿ ನಡೆಯತೊಡಗಿದೆ. ನನ್ನ ಮಂಡಿನೋವಿಗೆ ಈ ಪಾತ್ರ ಕಷ್ಟವಾಗಲಾರದೆಂದು ತಿಳಿದಿದ್ದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಅವನು ತಿರುಗಿ ನೋಡಿದ.

“ಎಡಗಾಲು, ಮಾವ. ನೀವು ಬಲಗಾಲು ಎಳೆಯುತ್ತಿದ್ದೀರಿ. ಮೊದಲಿನಿಂದ ಬನ್ನಿ.”

ಮೊದಲಿನಿಂದ ಬಂದೆ.